223ನೆಯ ಪದಾತಿ ಬ್ರಿಗೇಡು

1940ನೆಯ ಇಸವಿ ಜೂನ್ 4ರ ವೇಳೆಗೆ ಡಂಕರ್ಕಿನ ತೀರದಿಂದ ಆಂಗ್ಲರೂ ಅವರ ಮಿತ್ರರೂ ಸೇರಿ ಸುಮಾರು 3,38,000 ಮಂದಿ ಸೈನಿಕರು ಪಾರಾಗಿ ಇಂಗ್ಲೆಂಡನ್ನು ಮುಟ್ಟಿದರು. ಆಳುಗಳು ಬಂದರು, ಫಿರಂಗಿಗಳೂ ಮೋಟಾರು ಬಂಡಿಗಳೂ ಫ್ರಾನ್ಸಿನಲ್ಲಿಯೇ ಉಳಿದುವು. ಜುಲೈ 16ರಂದು ಹಿಟ್ಲರನು ದ್ವೀಪದ ಮೇಲೆ ದಂಡೆತ್ತುವ ಸನ್ನಾಹಕ್ಕೆ ಆಜ್ಞೆಯಿತ್ತನು. ಆಂಗ್ಲ ಸರಕಾರವು ಆ ಬೇಸಗೆಯಲ್ಲಿ ಹೊಸ ಬೆಟಾಲಿಯನ್ನುಗಳನ್ನು ತರಾತುರಿಯಿಂದ ಕಟ್ಟಿ, ಅಕ್ಟೋಬರಿನಲ್ಲಿ ಅವುಗಳನ್ನು ಸ್ವದೇಶರಕ್ಷಣೆಗೆಂದೇ ಮೀಸಲಾದ ಸ್ವತಂತ್ರ ಪದಾತಿ ಬ್ರಿಗೇಡುಗಳನ್ನಾಗಿ ಕೂಡಿಸಿತು. 200ಕ್ಕೆ ಮೇಲ್ಪಟ್ಟ ಸಂಖ್ಯೆಗಳೇ ಅವುಗಳ ಹೆಸರು. 223ನೆಯದು ಅವುಗಳಲ್ಲೊಂದು.

ನಮ್ಮ ನೀತಿಶಾಸ್ತ್ರಕಾರರು ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಆಟವಿಕ ಎಂದು ಬಲವನ್ನು ಆರು ಬಗೆಯಾಗಿ ಎಣಿಸಿರುವರಷ್ಟೆ. ನಿನ್ನೆಯವರೆಗೆ ಅಂಗಡಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಇದ್ದು ಇಂದು ಕೋವಿ ಹಿಡಿದ ಈ ಬಲವು ಆ ಆರರಲ್ಲಿ ಯಾವುದಕ್ಕೂ ಸರಿಯಾಗಿ ಸೇರದು. ಇವರಿಗೆ ಫಿರಂಗಿಯ ಬೆಂಬಲ ಸ್ವಲ್ಪ, ವಾಹನಗಳು ಸ್ವಲ್ಪ. ಶತ್ರುವು ಇಳಿದರೆ ನಿಂತಲ್ಲಿಯೇ ತಡೆಯತಕ್ಕದ್ದು. ಹಿಂದಿನ ಸುಶಿಕ್ಷಿತ ದಳಗಳು ಬಂದೊದಗುವವರೆಗೆ ಹೊತ್ತು ಕಳೆಯತಕ್ಕದ್ದು. ಇದು ಬದುಕುಳಿಯುವವರ ಕೆಲಸವಲ್ಲವೆಂಬುದು ಸ್ಪಷ್ಟ. ಆದರೆ ಶತ್ರುವು ಬರಲಿಲ್ಲ. 1940ರ ಸೆಪ್ಟೆಂಬರ್ 17ರಂದೇ ಹಿಟ್ಲರನು ಆಕ್ರಮಣವನ್ನು ಮುಂದಕ್ಕೆ ಹಾಕಿದ್ದನು. 1941ರ ಜೂನ್ 22ರಂದು ರಷ್ಯದ ಮೇಲೆ ತಿರುಗಿದನು. ಆಕಾಶದಲ್ಲಿ ಕಾದಾಡಿದವರಿಗೆ ಕೀರ್ತಿ ಬಂದುದು ನ್ಯಾಯವೇ ಸರಿ. ಕಾದು ಕುಳಿತವರ ಮಾತನ್ನು ಮಾತ್ರ ಎತ್ತುವವರಿಲ್ಲ.

ಬಳಿಕ ಈ ಬ್ರಿಗೇಡುಗಳಲ್ಲಿ ಹಲವು ವಿಸರ್ಜಿತವಾದುವು. ಅವುಗಳ ಬೆಟಾಲಿಯನ್ನುಗಳಲ್ಲಿ ಅನೇಕವು ಫಿರಂಗಿದಳಗಳಾಗಿಯೋ ಟ್ಯಾಂಕುದಳಗಳಾಗಿಯೋ ರೂಪಾಂತರ ಹೊಂದಿದುವು. 223ನೆಯದರ ಗತಿ ಬೇರೆ. 1942ರ ನವೆಂಬರಿನಲ್ಲಿ ಅದು 3ನೆಯ ಪ್ಯಾರಾಚ್ಯೂಟ್ ಬ್ರಿಗೇಡಾಯಿತು. ಸಾಮರ್ಸೆಟ್, ವಾರಿಕ್‌ಷೈರ್, ಎಸೆಕ್ಸ್ ರೆಜಿಮೆಂಟುಗಳ ಮೂರು ಬೆಟಾಲಿಯನ್ನುಗಳು ಕ್ರಮವಾಗಿ 7, 8, 9ನೆಯ ಪ್ಯಾರಾಚ್ಯೂಟ್ ಬೆಟಾಲಿಯನ್ನುಗಳೆನಿಸಿದುವು. ವಿಮಾನದಿಂದ ಧುಮುಕೆಂದು ಯಾರನ್ನೂ ಬಲವಂತಪಡಿಸುವಂತಿರಲಿಲ್ಲ. ಒಪ್ಪದವರು ಬೇರೆ ದಳಗಳಿಗೆ ಹೋದರು. ಕರೆಗೆ ಬಂದವನು ಕಾಲಾಳು. ಒಪ್ಪಿ ನಿಂತವನು ಧುಮುಕುವವನು. ಎರಡು ವರ್ಷಗಳಲ್ಲಿ ಒಂದೇ ದಳದಲ್ಲಿ ಆದ ಈ ಬದಲಾವಣೆಯು ಸಂಖ್ಯೆಯ ಬದಲಾವಣೆಗಿಂತ ದೊಡ್ಡದು. 1943ರಲ್ಲಿ 7ನೆಯ ಬೆಟಾಲಿಯನ್ನು ಬೇರೊಂದು ಬ್ರಿಗೇಡಿಗೆ ಹೋಗಲು, ಅದರ ಸ್ಥಾನಕ್ಕೆ ಕೆನಡದವರು ಬಂದರು.

1944ರ ಜೂನ್ 6ರ ನಡುರಾತ್ರಿಯ ಬಳಿಕ ನಾರ್ಮಂಡಿಯಲ್ಲಿ 9ನೆಯ ಬೆಟಾಲಿಯನ್ನು ಇಳಿಯಿತು. ಮೆರ್ವಿಲ್ಲಿನ ಫಿರಂಗಿ ಠಾಣ್ಯವನ್ನು ಬೆಳಗಾಗುವುದರೊಳಗೆ ಹಿಡಿಯಬೇಕಾಗಿತ್ತು. ಆಳುಗಳು ಕತ್ತಲೆಯಲ್ಲಿ ದೂರದೂರ ಚೆದುರಿಬಿದ್ದರು. 600ಕ್ಕೂ ಮಿಕ್ಕವರಲ್ಲಿ ದಳಪತಿ ಆಟ್ವೇಗೆ ಸಿಕ್ಕವರು ಸುಮಾರು 150. ಅಷ್ಟರಿಂದಲೇ ಅವನು ಠಾಣ್ಯವನ್ನು ಹೊಕ್ಕು ಗೆದ್ದನು. ಒಳಗಿದ್ದ ಫಿರಂಗಿಗಳು ಎಣಿಸಿದುದಕ್ಕಿಂತ ಸಣ್ಣವಾಗಿದ್ದುವು. ಗಾಯಗೊಳ್ಳದೆ ಉಳಿದ ಸುಮಾರು 75 ಮಂದಿಯನ್ನು ಕೂಡಿಸಿಕೊಂಡು ಅವನು ಅಲ್ಲಿ ನಿಲ್ಲದೆ ಲೆ ಪ್ಲೇನ್ ಹಳ್ಳಿಯ ದಿಬ್ಬದತ್ತ ನಡೆದನು.