ಮಂಗನ ಕಾಯಿಲೆ

ಮಂಗನ ಕಾಯಿಲೆ (ಕ್ಯಾಸನೂರು ಕಾಡಿನ ಕಾಯಿಲೆ): ಉಣುಗುಗಳಿಂದ ಹರಡುವ ವೈರಸ್ ಜ್ವರ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಪತ್ತೆಯಾಯಿತು. ಹೆಸರು ಮಂಗನದಾದರೂ ದೋಷ ಅದರದಲ್ಲ. ಅದೂ ನಮ್ಮಂತೆ ರೋಗಕ್ಕೆ ಬಲಿ. ಮಂಗ ಸತ್ತು ಬಿದ್ದಲ್ಲಿ ಸೋಂಕಿನ ಉಣುಗುಗಳು ಮೈಬಿಟ್ಟು ತರಗೆಲೆಗೆ ಇಳಿಯುತ್ತವೆ. ಸೌದೆಗೋ ದರಗಿಗೋ ಹೋದವರ ಕಾಲಿಗೆ ಹತ್ತುವ ಮರಿ ಉಣುಗು ಎಳ್ಳುಕಾಳಿಗಿಂತಲೂ ಚಿಕ್ಕದು, ಕಚ್ಚಿದ್ದು ತಿಳಿಯುವುದೇ ಇಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡದು. ರೋಗಿಯನ್ನು ದೂರವಿಡುವುದು ಅನ್ಯಾಯ.

ಕಚ್ಚಿದ 3–8 ದಿನಗಳಲ್ಲಿ ಚಳಿಜ್ವರ, ವಿಪರೀತ ತಲೆನೋವು, ಸೊಂಟ–ಮೀನಖಂಡಗಳ ಸೆಳೆತ, ಕಣ್ಣು ಕೆಂಪಾಗುವುದು. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮರುಕಳಿಸಿ ಮಿದುಳಿಗೂ ತಗಲಬಹುದು. ನೂರರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ರಕ್ತಪರೀಕ್ಷೆಯಿಂದ ಖಚಿತಪಡಿಸುತ್ತಾರೆ. ನಿರ್ದಿಷ್ಟ ಔಷಧಿಯಿಲ್ಲ, ಬೇಗ ಆಸ್ಪತ್ರೆ ಸೇರಿದರೆ ಆರೈಕೆಯೇ ಬದುಕಿಸುತ್ತದೆ.

ಡಿಸೆಂಬರ್‌ನಿಂದ ಮೇವರೆಗೆ ಎಚ್ಚರ ಬೇಕು. ಕಾಡಿಗೆ ಹೋಗುವಾಗ ಮೈಮುಚ್ಚುವ ಬಟ್ಟೆ, ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ; ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗಳನ್ನೂ ಬಿಸಿನೀರಿಗೆ ಹಾಕುವುದು. ಮೇಯ್ದು ಬಂದ ದನಗಳ ಮೈಯಲ್ಲೂ ಉಣುಗು ಇದೆಯೇ ಎಂದು ನೋಡಬೇಕು. ಸತ್ತ ಮಂಗ ಕಂಡರೆ ಮುಟ್ಟದೆ, ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಬೇಕು.