ಕೆಲಸಾ ಮಾಡಕೋತ ಕಲ್ತ ಮಾತು

ಅಕ್ಟೋಬರ್ ಚಾಟ್ನಿ ಮುಗೀತು. ಈ ಸಲ ದ್ರಾಕ್ಷಿ ಕೆಲಸಕ್ಕ ಬಂದವರೊಳಗ ಇಬ್ಬರು ಹುಡುಗರು ಹೊಸಬರು. ಅವರಿಗೆ ಯಾರೂ ಕೂಡ್ರಿಸಿ ಪಾಠ ಹೇಳಲಿಲ್ಲ. ಕೈಯಾಗ ಕತ್ರಿ ಕೊಟ್ಟು, "ಈ ಕಾಡಿ ಬಿಡು, ಇದನ್ನ ತಗಿ, ಓಲಾಂಡಾಕ್ಕ ಪೆಟ್ಟ ಹತ್ತಬಾರದು" ಅಂದ್ವಿ. ಎರಡು ದಿನದಾಗ ಶಬ್ದನೂ ಬಂದ್ವು, ಕೆಲಸನೂ ಬಂತು.

ಚಾಟ್ನಿ, ಕಾಡಿ, ಓಲಾಂಡಾ, ಘಡ, ಇವೆಲ್ಲಾ ಮರಾಠಿ ಮಾತು. ನಮ್ಮ ಟಿಕೋಟಾ ಕಡೆ ಇವು ಯಾಕ ಬಂದ್ವು ಅಂದ್ರ, ಬಳ್ಳಿ ಆ ಕಡಿಂದನ ಬಂದಾವು. ತಾಸ್-ಎ-ಗಣೇಶ ತಳಿ ಸಾಂಗಲಿ ಜಿಲ್ಲೆ ತಾಸಗಾಂವ ತಾಲೂಕಿನ ಬೋರಗಾಂವದಾಗ ವಸಂತರಾವ ಆರ್ವೆ ಅನ್ನೋ ರೈತರು ಥಾಮ್ಸನ್ ಸೀಡ್‌ಲೆಸ್ ಒಳಗಿಂದ ಆರಿಸಿ ತಗದದ್ದು. ಸೋನಾಕಾ ತಳಿ ಸೋಲಾಪುರ ಕಡೇದು, ಅದನ್ನೂ ಆರಿಸಿದವರು ರೈತರೇ, ನಾನಾಸಾಹೇಬ ಕಾಳೆ ಅವರು. ಥಾಮ್ಸನ್ ಅನ್ನೋ ಹೆಸರು ಕ್ಯಾಲಿಫೋರ್ನಿಯಾದಾಗ ಈ ಬಳ್ಳಿ ಬೆಳೆಸಿದ ವಿಲಿಯಂ ಥಾಮ್ಸನ್‌ರದು. ಅದಕ್ಕೂ ಮೊದಲು ತುರ್ಕಿ, ಇರಾನ್ ಕಡೆ ಅದಕ್ಕ ಬ್ಯಾರೆ ಹೆಸರು ಇದ್ದವು. ಬಳ್ಳಿ ಎಲ್ಲಿ ಹೋಗತದ, ಹೆಸರು ಅದರ ಹಿಂದ ಹೋಗತಾವ.

ಬೇದಾಣಾ ಅಂತೀವಲ್ಲ, ಅದು ಪಾರ್ಸಿ ಶಬ್ದ. ಬೇ ಅಂದ್ರ ಇಲ್ಲದ್ದು, ದಾಣಾ ಅಂದ್ರ ಕಾಳು. ಬೀಜ ಇಲ್ಲದ್ದು. ಸುಮಾರು ನಾಕು ಕಿಲೋ ಹಸಿ ದ್ರಾಕ್ಷಿ ಒಣಗಿಸಿದ್ರ ಒಂದು ಕಿಲೋ ಬೇದಾಣಾ ಕೈಗೆ ಬರತದ.

ವಿಜಾಪುರದಾಗ 1490ರಿಂದ 1686ರ ತನಕ ಆದಿಲಶಾಹಿ ನಡೀತು. ಬಾಗಾಯತ, ಖುಷ್ಕಿ, ಫಸಲು, ಇಂಥ ಪಾರ್ಸಿ ಅರಬ್ಬಿ ಮಾತು ಜಮೀನಿನ ಲೆಕ್ಕದಾಗ ಇವತ್ತಿಗೂ ಅದಾವ. ನನಗ ಭಾಳ ಇಷ್ಟ ಆಗೋದು ಕಲಮು. ಬರಿಯೋ ಲೆಕ್ಕಣಿಕಿಗೂ ಕಲಮು, ಡಾಗ್ರಿಜ್ ಬೇರಿನ ಮ್ಯಾಲೆ ಕಣ್ಣು ಕಟ್ಟೋದಕ್ಕೂ ಕಲಮು. ಎರಡಕ್ಕೂ ತುದಿ ಓರೆ ಕೊಯ್ಯಬೇಕು. ಕೈಯಾಗ ಹಿಡಿದು ಕೊಯ್ದವರಿಗೆ ಈ ಸಂಬಂಧ ಬ್ಯಾರೆ ಹೇಳಬೇಕಾಗಿಲ್ಲ.

ಕೆಲವರು ಮರಾಠಿ, ಇಂಗ್ಲಿಷ್ ಶಬ್ದ ಬಂದು ಕನ್ನಡ ಕೆಟ್ಟಿತು ಅಂತಾರ. ನನಗ ಹಂಗ ಅನಸೂದಿಲ್ಲ. ಬಂದ ಶಬ್ದದಿಂದ ನಮ್ಮ ಮಾತು ಹೋಗಲಿಲ್ಲ, ಕೆಲಸ ಹೋದಾಗ ಹೋತು. ಕೂರಿಗಿ, ಕುಂಟಿ, ರಂಟಿ ಮನಿ ಹಿಂದ ಬಿದ್ದಾವು. ಎತ್ತು ಇದ್ದವರ ಮನಿ ಬೆರಳ ಮ್ಯಾಲೆ ಎಣಿಸಬೇಕು. ಎಡಿ ಹೊಡಿಯೋದು ಅಂದ್ರ ಏನು ಅಂತ ಹತ್ತನೇತ್ತಾ ಹುಡುಗ ಕೇಳತಾನ, ಹೇಳಿದ್ರ ತಿಳಿಯೂದಿಲ್ಲ, ತೋರಸಾಕ ಎತ್ತಿಲ್ಲ.

ಕಣದ ಮಾತಂತೂ ಇನ್ನೂ ದೂರ ಹೋದ್ವು. ಬಿಳಿಜ್ವಾಳದ ರಾಶಿ ಅಂದ್ರ ಮೊದಲ ಕಣ ಸಾರಸಬೇಕು, ನಡುವ ಮೇಟಿ ನಿಲ್ಲಸಬೇಕು, ಎತ್ತು ಸಾಲಾಗಿ ಕಟ್ಟಿ ಹಂತಿ ಹೊಡೀಬೇಕು. ರಾತ್ರಿ ನಿದ್ದಿ ಬರಬಾರದಂತ ಹಂತಿ ಪದ. ಸಣ್ಣ ಹುಡುಗರು ಎತ್ತಿನ ಹಿಂದ ತಿರಗಕೋತ ಅವನ್ನ ಕಲೀತಿದ್ರು. ಅಳಿಯೋ ಹೊತ್ತಿಗೆ ಮೊದಲನೇ ಅಳತಿಗೆ ಒಂದು ಅನ್ನಬಾರದು, ಲಾಭ ಅನ್ನಬೇಕು. ಆಮ್ಯಾಲೆ ಎರಡು, ಮೂರು. ಈ ಲೆಕ್ಕ ಸಾಲಿ ಮಗ್ಗಿಯೊಳಗ ಸಿಗೂದಿಲ್ಲ, ಕಣದಾಗ ನಿಂತವರಿಗೇ ಬರತಿತ್ತು.

ಈಗ ಮಶಿನ್ ರಾಶಿ, ಒಂದು ತಾಸಿನ ಕೆಲಸ. ಚೀಲಾ ತುಂಬಿ ಕಾಟಾಕ್ಕ ಹಚ್ಚತೀವಿ. ಹಿರೇರು ಯಾರರ ಇದ್ರ, ಮೊದಲನೇ ಚೀಲಾ ಎತ್ತುವಾಗ ಈಗೂ ಲಾಭ ಅಂತಾರ.