ಬಿ.ಎಸ್. ಚಂದ್ರಶೇಖರ್: ಸೊರಗಿದ ತೋಳಿನ ಸ್ಪಿನ್ ಮಾಂತ್ರಿಕ

1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೊದಿಂದ ಸೊರಗಿತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಲ್ಲಿ ಎಸೆಯುತ್ತಿದ್ದರು. ಆದರೆ ಬೌಲಿಂಗ್‌ಗೆ ಆ ಬಲಗೈಯೇ ಅವರ ಅಸ್ತ್ರವಾಯಿತು. ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಉದ್ದನೆಯ ಓಟ, ಚಾಟಿಯಂತೆ ಬೀಸುವ ತೋಳು. ಅಲ್ಲಿಂದ ಹೊಮ್ಮುತ್ತಿತ್ತು ವೇಗದ ಗೂಗ್ಲಿ.

1964ರಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್‌ಗೆ ಪದಾರ್ಪಣೆ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತಾಗ ಇಂಗ್ಲೆಂಡ್ 101ಕ್ಕೆ ಕುಸಿಯಿತು. ಆ ನೆಲದಲ್ಲಿ ಭಾರತ ಮೊದಲ ಸರಣಿ ಗೆದ್ದಿತು. 1977–78ರ ಮೆಲ್ಬರ್ನ್ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 52 ರನ್ನಿಗೆ 6 ವಿಕೆಟ್ ಪಡೆದರು. ಆಸ್ಟ್ರೇಲಿಯಾದಲ್ಲಿ ಭಾರತಕ್ಕೆ ಅದೇ ಮೊದಲ ಟೆಸ್ಟ್ ಜಯ.

ಟೆಸ್ಟ್: 58 | ವಿಕೆಟ್: 242 | ರನ್: 167